ಧಣಿ ಮಾತಾಡದ ಚಳಿಗಾಲ

ಹೋದ ವಾರ ಹಿಕ್ಸ್‌ವಿಲ್ ಸ್ಟೇಷನ್ನಿನ ಹತ್ತಿರದ ನಮ್ಮವರ ಅಂಗಡಿಯಲ್ಲಿ ಮೂಲಂಗಿ ಆರಿಸುತ್ತಿದ್ದೆ. ಪಕ್ಕದಲ್ಲೇ ಟರ್ನಿಪ್ ಗೆಡ್ಡೆಗಳ ರಾಶಿ. ಅಂಗಡಿಯಾಕೆ ಸ್ಟೂಲಿನ ಮೇಲೆ ಕೂತು ಅವುಗಳ ಎಲೆ ಕತ್ತರಿಸಿ ಬುಟ್ಟಿಗೆ ಎಸೆಯುತ್ತಿದ್ದಳು. ಹಸಿ ಮಣ್ಣು, ಸಾಸಿವೆ, ಅದರ ಹಿಂದೆ ಒಂದಿಷ್ಟು ಕಹಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಷ್ಟೋ ವರ್ಷಗಳ ಹಿಂದಿನ ಹೆದರಿಕೆ ಎದ್ದು ಕೂತಿತು. ವಾಸನೆಗೆ ಜನ ತವರುಮನೆ ನೆನಪಿಸಿಕೊಳ್ಳುತ್ತಾರೆ. ನನಗೆ ನೆನಪಾದದ್ದು ನ್ಯೂ ಜರ್ಸಿಯ ಪಾರ್ಸಿಪನಿಯಲ್ಲಿ ಕಳೆದ ಒಂದು ಚಳಿಗಾಲ, ಮತ್ತು ನಾನು ಎಂದೂ ಕಣ್ಣಾರೆ ನೋಡದ ಸ್ಕಾಟ್ಲೆಂಡಿನ ಒಂದು ಆಳಿನ ಮನೆತನ.

ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂದು ಜಗತ್ತು ಹೆದರಿದ್ದ ಕಾಲ ಅದು. ಆ ಹೆದರಿಕೆಯೇ ನಮಗೆ ಅನ್ನ ಕೊಡುತ್ತಿತ್ತು. ನನ್ನ ಗಂಡ ಪ್ರಾಣೇಶ ಹಳೆಯ ಪ್ರೋಗ್ರಾಮುಗಳನ್ನು ತಿದ್ದಲೆಂದೇ ಧಾರವಾಡದಿಂದ ಬಂದವರು. ಸಂಬಳ ಕೊಡುತ್ತಿದ್ದದ್ದು, ವೀಸಾ ಮಾಡಿಸಿದ್ದು ಒಂದು ಕನ್ಸಲ್ಟೆನ್ಸಿ. ದಿನಾ ಹೋಗಿ ದುಡಿಯುತ್ತಿದ್ದದ್ದು ಇನ್ನೊಂದು ದೊಡ್ಡ ಕಂಪನಿಯ ಆಫೀಸಿನಲ್ಲಿ. ಅದಕ್ಕೆ ಎಲ್ಲರೂ ಕ್ಲೈಂಟ್ ಎನ್ನುತ್ತಿದ್ದರು. ಹೊಸ ವರ್ಷ ಬಂತು. ಏನೂ ಕೆಡಲಿಲ್ಲ. ಆಫೀಸಿನಲ್ಲಿ ಕೇಕ್ ಕತ್ತರಿಸಿದರಂತೆ. ಕೆಡದ ಹಾಗೆ ನೋಡಿಕೊಂಡವರಿಗೆ ಇನ್ನೇನು ಕೆಲಸ ಎಂಬುದು ಕೇಕ್ ತಿನ್ನುವಾಗ ಯಾರ ತಲೆಗೂ ಹೊಳೆದಿರಲಿಕ್ಕಿಲ್ಲ.

ಪ್ರಾಣೇಶರ ಕಾಂಟ್ರ್ಯಾಕ್ಟು ಮಾರ್ಚಿಗೆ ಮುಗಿಯುವುದಿತ್ತು. ನನಗೆ ಏಪ್ರಿಲ್‌ನಲ್ಲಿ ಹೆರಿಗೆ. ಕಾಂಟ್ರ್ಯಾಕ್ಟು ಮುಂದುವರಿಯದಿದ್ದರೆ ಸಂಬಳ ನಿಲ್ಲುತ್ತದೆ, ಆಸ್ಪತ್ರೆಯ ಇನ್ಶೂರೆನ್ಸ್ ನಿಲ್ಲುತ್ತದೆ, ವೀಸಾ ತೂಗಾಡುತ್ತದೆ. ಅಷ್ಟು ದಿನ ತುಂಬಿದವಳನ್ನು ವಿಮಾನದವರೂ ಹತ್ತಿಸಿಕೊಳ್ಳುವುದಿಲ್ಲ. ಅಂದರೆ ಇಲ್ಲಿ ಇರುವ ಹಾಗಿಲ್ಲ, ಅಲ್ಲಿಗೆ ಹೋಗುವ ಹಾಗಿಲ್ಲ. ಬೇರೆ ಕಂಪನಿಗೆ ಸೇರೋಣವೆಂದರೆ ಹಳೆಯ ಕೆಲಸ ಇರುವಾಗಲೇ ಹೊಸಬರು ವೀಸಾಕ್ಕೆ ಅರ್ಜಿ ಹಾಕಬೇಕು, ಅದು ಪಾಸಾಗಲು ವಾರಗಟ್ಟಲೆ ಕಾಯಬೇಕು. ಮಾರ್ಚಿನ ಆಚೆ ಕೆಲಸ ಇದೆಯೋ ಇಲ್ಲವೋ ಎಂಬ ಒಂದು ಮಾತು ನಮಗೆ ಬೇಗ ಬೇಕಾಗಿತ್ತು. ಆ ಮಾತನ್ನು ಯಾರೂ ಆಡುತ್ತಿರಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಜೀನ್ ಎಂಬ ಅಜ್ಜಿ ಒಬ್ಬರೇ ಇದ್ದರು. ಆಯುಷ್ಯವೆಲ್ಲ ಶಾಲೆಯ ಅಡುಗೆಮನೆಯಲ್ಲಿ ದುಡಿದವರು. ನನ್ನ ಮಗಳು ಮೇಧಾಗೆ ಆಗ ಐದು ವರ್ಷ. ಅವಳು ಸೋಫಾದಿಂದ ಧುಮುಕಿದಾಗೆಲ್ಲ ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಸೂರಿಗೆ ಗುದ್ದುವ ಸದ್ದು ಬರುತ್ತಿತ್ತು. ಒಂದು ಮಧ್ಯಾಹ್ನ ಕ್ಷಮೆ ಕೇಳೋಣವೆಂದು ಹೋದೆ. ಆಕೆ ಬಾಗಿಲು ತೆರೆದು ನನ್ನ ಹೊಟ್ಟೆ ನೋಡಿದರು, ಕುರ್ಚಿ ಎಳೆದರು. ಟರ್ನಿಪ್ ಬೇಯಿಸಿ ಬೆಣ್ಣೆ, ಮೆಣಸಿನಪುಡಿ ಹಾಕಿ ಹಿಸುಕಿದ ಮುದ್ದೆಯನ್ನು ತಟ್ಟೆಗೆ ಹಾಕಿ ಮುಂದಿಟ್ಟರು. ನನಗೆ ಸೇರಲಿಲ್ಲ. ಆದರೂ ಆ ಚಳಿಗಾಲ ವಾರಕ್ಕೆರಡು ಸಲ ಅದನ್ನೇ ತಿಂದೆ. ಜೀನ್ ಅಜ್ಜಿ ಮಾತಾಡಿದ್ದು ಇಂಗ್ಲಿಷೇ. ಆದರೆ ನನ್ನ ನೆನಪಿನಲ್ಲಿ ಆಕೆ ಧಾರವಾಡದ ಕನ್ನಡವನ್ನೇ ಆಡುತ್ತಾರೆ, ಹಾಗೇ ಬರೆಯುತ್ತೇನೆ.

ಕಾಂಟ್ರ್ಯಾಕ್ಟಿನ ಕತೆ ಹೇಳಿದಾಗ ಅವರು ಚಾಕು ಕೆಳಗಿಟ್ಟರು. "ಅಂದ್ರ ನಿನ್ನ ಗಂಡನ ಕೂಡ ಧಣಿ ಇನ್ನೂ ಮಾತಾಡಿಲ್ಲ."

"ದಿನಾ ಮಾತಾಡ್ತಾರ. ಬೆಳಿಗ್ಗೆ ಗುಡ್ ಮಾರ್ನಿಂಗ್, ಸಂಜಿಗೆ ಗುಡ್ ನೈಟ್," ಎಂದೆ.

"ಅದಲ್ಲ," ಎಂದು ಅವರು ತಮ್ಮ ಅಜ್ಜನ ವಿಷಯ ತೆಗೆದರು.

ಅಜ್ಜನ ಹೆಸರು ವಿಲಿಯಂ. ಸ್ಕಾಟ್ಲೆಂಡಿನ ದಕ್ಷಿಣಕ್ಕೆ, ಇಂಗ್ಲೆಂಡಿನ ಗಡಿಯ ಹತ್ತಿರ, ಒಬ್ಬ ದೊಡ್ಡ ರೈತನ ಹೊಲದಲ್ಲಿ ಜೋಡಿ ಕುದುರೆ ಕಟ್ಟಿ ನೇಗಿಲು ಹೊಡೆಯುವ ಆಳು. ರಾಣಿ ವಿಕ್ಟೋರಿಯಾ ಮುದುಕಿಯಾಗಿದ್ದ ಕಾಲ. ಕರಾರು ಒಂದು ವರ್ಷಕ್ಕೆ, ಮೇ ತಿಂಗಳಿಂದ ಮೇ ತಿಂಗಳಿಗೆ. ಇರಲು ಧಣಿಯದೇ ಸಾಲುಮನೆಯಲ್ಲಿ ಒಂದು ಕೋಣೆ. ಕೂಲಿಯ ಬಹುಪಾಲು ಓಟ್ಸು, ಬಾರ್ಲಿ, ಆಲೂಗಡ್ಡೆ. ಚಳಿಗಾಲದ ಕೊನೆಗೆ ಪೇಟೆಯಲ್ಲಿ ಆಳುಗಳ ಸಂತೆ ನೆರೆಯುತ್ತಿತ್ತು. ಕೆಲಸ ಬೇಕಾದವರು ಬೀದಿಯಲ್ಲಿ ಹೋಗಿ ನಿಲ್ಲಬೇಕು, ರೈತರು ಬಂದು ಮೈಕಟ್ಟು ನೋಡಿ ಆರಿಸಬೇಕು. ಆ ಸಂತೆಗೆ ಮುಂಚಿನ ವಾರಗಳಲ್ಲಿ ಧಣಿ ತನಗೆ ಬೇಕಾದ ಹಳೆಯ ಆಳುಗಳನ್ನು ಒಬ್ಬೊಬ್ಬರಾಗಿ ಕಂಡು, ಮುಂದಿನ ವರ್ಷವೂ ಇರುತ್ತೀಯಾ ಎಂದು ಕೇಳುತ್ತಿದ್ದ. ಅದಕ್ಕೇ ಅವರಲ್ಲಿ ಮಾತಾಡುವುದು ಎಂದು ಹೆಸರು. ಧಣಿ ಮಾತಾಡಿದರೆ ಆಳು ಉಳಿದ. ಮಾತಾಡದಿದ್ದರೆ ಹೋಗು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆಳೇ ತಿಳಿದುಕೊಂಡು ಗಂಟುಮೂಟೆ ಕಟ್ಟಬೇಕು. ತಾನಾಗಿ ಹೋಗಿ ಕೇಳುವ ಹಾಗಿಲ್ಲ. ಕೇಳಿದವನ ಮರ್ಯಾದೆ ಸಾಲುಮನೆಯಲ್ಲಿ ಮಣ್ಣುಪಾಲು.

"ಆ ವರ್ಷ ಎಲ್ಲಾರ ಕೂಡ ಮಾತಾಡಿದ. ನಮ್ಮಜ್ಜನ್ನ ಬಿಟ್ಟು," ಎಂದರು ಜೀನ್ ಅಜ್ಜಿ.

ಕಾರಣ ಸಾಲುಮನೆಗೆಲ್ಲ ಗೊತ್ತಿತ್ತು. ಅಲ್ಲಿನ ಪದ್ಧತಿಯಲ್ಲಿ ಆಳು ಒಬ್ಬನೇ ಬಂದರೆ ಸಾಲದು, ಹೊಲದ ಕೆಲಸಕ್ಕೆ ತನ್ನ ಮನೆಯಿಂದ ಒಬ್ಬ ಹೆಂಗಸನ್ನೂ ಕೊಡಬೇಕು. ಇಷ್ಟು ದಿನ ವಿಲಿಯಮನ ಹೆಂಡತಿಯೇ ದುಡಿಯುತ್ತಿದ್ದಳು. ಹಿಮಗಟ್ಟಿದ ನೆಲದಿಂದ ಟರ್ನಿಪ್ ಕಿತ್ತು, ಎಲೆ ಕತ್ತರಿಸಿ, ಕುರಿಗಳಿಗೆ ಹೇರಿ ಕಳಿಸುವ ಕೆಲಸ. ಆ ಚಳಿಗಾಲ ಅವಳ ಮೊಣಕಾಲು ಬಾತು ಕುಂಬಳಕಾಯಿಯಂತಾಗಿತ್ತು. ಮಗಳು ಜೆಸ್ಸಿಗೆ ಹದಿಮೂರು ವರ್ಷ. ಶಾಲೆ ಇಲ್ಲದ ದಿನ ತಾಯಿಯ ಪಕ್ಕದಲ್ಲಿ ಬಾಗಿ ಅವಳ ಸಾಲಿನ ಅರ್ಧ ಮುಗಿಸಿ ಕೊಡುತ್ತಿದ್ದಳು. ಈ ಜೆಸ್ಸಿಯೇ ಜೀನ್ ಅಜ್ಜಿಯ ತಾಯಿ. ಮದುವೆಯಾದ ಮೇಲೆ ಹಡಗು ಹತ್ತಿ ನ್ಯೂ ಜರ್ಸಿಗೆ ಬಂದವಳು.

ನನಗೆ ನಗು ಬಂತು, ಸಂಕಟವೂ ಆಯಿತು. ಆಗಿನ ಕಾನೂನಿನಲ್ಲಿ ನನ್ನಂಥ ಹೆಂಡತಿಯರು ಇಲ್ಲಿ ಒಂದು ತಾಸೂ ದುಡಿಯುವ ಹಾಗಿರಲಿಲ್ಲ. ಜೆಸ್ಸಿಯ ತಾಯಿ ದುಡಿಯದೇ ಇರುವ ಹಾಗಿರಲಿಲ್ಲ. ಎರಡರಲ್ಲೂ ಗಂಡನ ಕೆಲಸ ಹೋದರೆ ಹೆಂಡತಿ ಬೀದಿಗೆ.

ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಎದುರು ಬ್ಲಾಕಿನ ಲತಾ ಬಂದಳು. ಮೈಸೂರಿನವಳು, ಗಂಡ ಪ್ರಾಣೇಶರ ಜೊತೆಗೇ ಅದೇ ಆಫೀಸಿನಲ್ಲಿ. ಬಂದರೆ ಎದ್ದು ಹೋಗುವ ಮಾತೇ ಇಲ್ಲದ ಹೆಂಗಸು ಅವತ್ತು ಕೋಟು ತೆಗೆಯಲೇ ಇಲ್ಲ.

"ನಮ್ಮನೆಯವರಿಗೆ ಎಕ್ಸ್‌ಟೆನ್ಷನ್ ಸಿಕ್ತು ಕಣ್ರೀ, ಡಿಸೆಂಬರ್‌ವರ್ಗೂ," ಎಂದು ಎಳ್ಳಿನ ಪೊಟ್ಟಣ ನೋಡುತ್ತಾ ಹೇಳಿದಳು. "ನಿಮ್ದೂ ಆಗತ್ತೆ ಬಿಡಿ. ಯೋಚ್ನೆ ಮಾಡ್ಬೇಡಿ."

ಆಮೇಲೆ ಅವಳು ನನ್ನನ್ನು ಕಂಡರೆ ಲಾಂಡ್ರಿ ಬುಟ್ಟಿಯ ಹಿಂದೆ ಮುಖ ಮರೆಸುತ್ತಿದ್ದಳು. ಕೆಟ್ಟವಳಲ್ಲ. ಮುಳುಗುವವರ ಕಡೆ ನೋಡಲು ಯಾರಿಗೂ ಕಷ್ಟವೇ.

ಅವತ್ತು ಪ್ರಾಣೇಶರಿಗೆ ಅಂದೆ, "ನೀವೂ ಒಮ್ಮೆ ಕೇಳ್ರಲ್ಲ."

"ಹೆಂಗ ಕೇಳೂದು? ಹೇಳೂದಿದ್ರ ಅವರ ಹೇಳ್ತಾರ."

"ಹೇಳದಿದ್ರ?"

"ಕ್ಲೈಂಟ್ ಕೂಡ ಕಾಂಟ್ರ್ಯಾಕ್ಟಿನ ಮಾತು ಆಡಬ್ಯಾಡ್ರಿ ಅಂತ ಕನ್ಸಲ್ಟೆನ್ಸಿಯವರು ಮೊದಲ ಹೇಳ್ಯಾರ. ಅವರನ್ನ ಕೇಳಿದ್ರ ನೋಡೋಣು ಅಂತಾರ. ಮತ್ತ ಮತ್ತ ಕೇಳ್ಕೋತ ಹೋದ್ರ ನಮಗೇನು ಕಿಮ್ಮತ್ತು? ಕೆಲಸಾ ನೋಡಿ ಕರೀಬೇಕು."

ಅವರ ಮನೆತನವೇ ಹಾಗೆ. ಊಟಕ್ಕೆ ಕೂತಾಗ ಎಲೆಯಲ್ಲಿ ಉಪ್ಪಿಲ್ಲದಿದ್ದರೂ ಕೇಳದೆ ಎದ್ದು ಬರುವ ಜನ. ಮದುವೆಯಾದ ಹೊಸತರಲ್ಲಿ ಇದು ದೊಡ್ಡಗುಣ ಎಂದು ನಾನು ಮೆಚ್ಚಿಕೊಂಡಿದ್ದೆ. ಈಗ ಅದೇ ಗುಣ ನೋಡಿ ರಕ್ತ ಕುದಿಯುತ್ತಿತ್ತು. ಬ್ರಿಡ್ಜ್‌ವಾಟರಿನ ಗುಡಿಗೆ ಹೋದಾಗ ಅವರು ಕಣ್ಣು ಮುಚ್ಚಿ ನಿಂತದ್ದು ನೋಡಿ, ದೇವರನ್ನಾದರೂ ಬಾಯಿಬಿಟ್ಟು ಕೇಳುತ್ತಾರೋ ಇಲ್ಲವೋ ಎಂದುಕೊಂಡೆ.

ಜನವರಿ ಮುಗಿಯಿತು. ಹಿಮದ ಮೇಲೆ ಮಳೆ ಬಿದ್ದು ಪಾರ್ಕಿಂಗ್ ಲಾಟೆಲ್ಲ ಗಾಜಾಯಿತು. ಮನೆಯೊಳಗೂ ಹಾಗೇ, ಹೆಜ್ಜೆ ನೋಡಿ ಇಡಬೇಕಾಗಿತ್ತು. ಪ್ರಾಣೇಶ ಸಂಜೆ ಬಾಗಿಲು ತೆರೆದ ಕೂಡಲೇ ನಾನು ಮುಖ ನೋಡುತ್ತಿದ್ದೆ, ಅವರು ಬೂಟು ನೋಡುತ್ತಿದ್ದರು.

ಕೆಳಗಿನ ಮನೆಯಲ್ಲಿ ಕತೆ ಮುಂದುವರಿಯಿತು. ಸಂತೆ ಹತ್ತಿರ ಬರುತ್ತಿದ್ದರೂ ಧಣಿ ವಿಲಿಯಮನ ಬಳಿ ಬರಲಿಲ್ಲ. ಒಂದು ದಿನ ಕುದುರೆ ಲಾಯದ ಬಾಗಿಲಲ್ಲಿ ಬಂದು ನಿಂತ. ಜೆಸ್ಸಿ ಅಪ್ಪನಿಗೆ ಬುತ್ತಿ ತಂದವಳು ಗೋಡೆಗೆ ಆತು ಉಸಿರು ಹಿಡಿದಳು. ಧಣಿ ತುಸು ಹೊತ್ತು ಕುದುರೆಗಳನ್ನು ನೋಡಿ, "ಹಿಮ ಬಾಳ ಆತು, ವಿಲಿಯಂ," ಎಂದ. "ಹೌದ್ರಿ, ಬಾಳ ಆತು," ಎಂದ ವಿಲಿಯಂ. ಧಣಿ ಇನ್ನೂ ನಿಂತೇ ಇದ್ದ. ವಿಲಿಯಂ ಕುದುರೆಯ ಮೈ ತಿಕ್ಕುತ್ತಲೇ ಇದ್ದ. ಕೊನೆಗೆ ಧಣಿ ಹೊರಟುಹೋದ.

ಸಂತೆಯ ಹಿಂದಿನ ದಿನ ಜೆಸ್ಸಿಯ ತಾಯಿ ಮುಖ ತೊಳೆದು, ಶಾಲು ಹೊದ್ದು, ಕುಂಟುತ್ತಾ ಧಣಿಯ ಅಡುಗೆಮನೆ ಬಾಗಿಲಿಗೆ ಹೋದಳು. ಜೊತೆಗೆ ಜೆಸ್ಸಿ. ನಾವು ಇರಬೇಕೋ ಹೋಗಬೇಕೋ ಎಂದು ನೇರ ಕೇಳಿದಳು. ಧಣಿ ಕೆಟ್ಟವನೇನಲ್ಲ. ತಲೆ ತಗ್ಗಿಸಿ ಹೇಳಿದ, "ನಿನ್ನ ಕಾಲು ನೋಡಿದೆ. ಮುಂದ ಮಗಳ್ನ ಕೆಲಸಕ್ಕ ಹಚ್ತೀನಿ ಅಂತ ವಿಲಿಯಂ ಒಂದು ಮಾತು ಅಂತಾನೇನೋ ಅಂತ ದಾರಿ ನೋಡಿದೆ. ಲಾಯಕ್ಕೂ ಹೋಗಿ ನಿಂತೆ. ಅನ್ನಲಿಲ್ಲ. ಇವತ್ತ ಮುಂಜಾನೆ ಬ್ಯಾರೆಯವನಿಗೆ ಮಾತು ಕೊಟ್ಟೆ."

ನಾನು ಚಮಚ ಕೆಳಗಿಟ್ಟೆ. ಧಣಿ ಕಾದ, ಆಳು ಕಾದ, ನಡುವೆ ಮನೆ ಹೋಯಿತು.

"ವಿಲಿಯಮಗ ಧಣಿ ಮ್ಯಾಲ ಸಿಟ್ಟು ಬರಲಿಲ್ಲ. ಹೆಂಡತಿ ಮ್ಯಾಲ ಬಂತು. ಬಾಗಿಲಿಗೆ ಹೋಗಿ ಕೇಳಿದ್ಲಲ್ಲ ಅಂತ. ಅವತ್ತಿಂದ ಅಕಿ ಕೂಡ ಮಾತು ಬಿಟ್ಟ," ಎಂದರು ಜೀನ್ ಅಜ್ಜಿ.

"ಹಂಗಾರ ನಿಮ್ಮಜ್ಜಿ ಹೋಗಬಾರದಿತ್ತು ಅಂತೀರೇನು?"

"ಹೋಗಬೇಕಿತ್ತು. ಒಂದು ದಿನ ಮೊದಲ ಹೋಗಬೇಕಿತ್ತು," ಎಂದು ಅವರು ಇನ್ನೊಂದು ಗೆಡ್ಡೆಯ ಸಿಪ್ಪೆ ತೆಗೆಯತೊಡಗಿದರು.

ಮರುವಾರ ನನಗೆ ಡಾಕ್ಟರ್ ಹತ್ತಿರ ಹೋಗುವುದಿತ್ತು. ಪ್ರಾಣೇಶ ಲತಾಳ ಗಂಡನ ಜೊತೆ ಹೋಗಿ ಕಾರು ನನಗೆ ಬಿಟ್ಟಿದ್ದರು. ಡಾಕ್ಟರು ಮಗು ಚೆನ್ನಾಗಿದೆ ಎಂದರು, ಇನ್ಶೂರೆನ್ಸ್ ಬದಲಾದರೆ ಮೊದಲೇ ತಿಳಿಸಿ ಎಂದರು. ಕಾರು ಹತ್ತಿದೆ. ಮನೆಗೆ ಹೋಗಲು ಎಡಕ್ಕೆ ತಿರುಗಬೇಕು. ಬಲಕ್ಕೆ ತಿರುಗಿಸಿದೆ. ಲೈಸೆನ್ಸ್ ಬಂದು ಸ್ವಲ್ಪ ದಿನವಾಗಿತ್ತಷ್ಟೇ. ಹೈವೇ ಮೇಲೆ ಒಬ್ಬಳೇ ಹೋದದ್ದು ಅದೇ ಮೊದಲು. ಪಕ್ಕದಲ್ಲಿ ದೊಡ್ಡ ದೊಡ್ಡ ಟ್ರಕ್ಕುಗಳು ಕೆಸರು ಎರಚುತ್ತಾ ಹೋಗುತ್ತಿದ್ದವು. ಮಗು ಒಳಗಿನಿಂದ ಒದೆಯುತ್ತಿತ್ತು.

ಪ್ರಾಣೇಶರ ಆಫೀಸಿನ ಕೆಳಗಿನ ಹಜಾರದಲ್ಲಿ ನಿಂತು, ಅವರ ಮೇಲಿನ, ಕ್ಲೈಂಟ್ ಕಂಪನಿಯ ಮ್ಯಾನೇಜರ್ ಕ್ಯಾರಲ್ ಅವರನ್ನು ಕಾಣಬೇಕು ಎಂದೆ. ಡಿಸೆಂಬರಿನ ಪಾರ್ಟಿಯಲ್ಲಿ ಒಮ್ಮೆ ನೋಡಿದ್ದ ಹೆಂಗಸು. ಲಿಫ್ಟಿನಿಂದ ಓಡುತ್ತಲೇ ಬಂದರು.

"ನೋವು ಶುರುವಾಯಿತೇ? ಪ್ರಾಣೇಶನನ್ನು ಕರೆಯಲೇ?"

"ಬೇಡ. ಒಂದು ಮಾತು ಕೇಳಲು ಬಂದೆ," ಎಂದೆ. ಹೊಟ್ಟೆಗೆ ಗುಂಡಿ ಹಾಕಲಾಗದ ಕೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. "ಏಪ್ರಿಲ್‌ನಲ್ಲಿ ಅವರಿಗೆ ಇಲ್ಲಿ ಕೆಲಸ ಇರುತ್ತದೆಯೇ? ಇಲ್ಲದಿದ್ದರೆ ಇಲ್ಲ ಅನ್ನಿ. ನನಗೆ ತಿಳಿಯಬೇಕು."

ಕ್ಯಾರಲ್ ನನ್ನನ್ನು ಕೂರಿಸಿ, ತಾವೂ ಕೂತರು. "ಇಲ್ಲ," ಎಂದರು. "ಮಾರ್ಚಿಗೆ ಮುಗಿಯುತ್ತದೆ. ನಿಮ್ಮ ಕನ್ಸಲ್ಟೆನ್ಸಿಗೆ ಡಿಸೆಂಬರಿನಲ್ಲೇ ಹೇಳಿದ್ದೇವೆ. ನಾವು ನೇರವಾಗಿ ಹೇಳುವ ಹಾಗಿಲ್ಲ, ಅವರೇ ಹೇಳಬೇಕು. ಹೇಳಿದ್ದಾರೆ ಎಂದೇ ತಿಳಿದಿದ್ದೆ. ದಿನಾ ನಗುತ್ತಾ ಬರುತ್ತಾನೆ. ಗೊತ್ತಿದ್ದೂ ಎಷ್ಟು ಗಟ್ಟಿಯಾಗಿದ್ದಾನೆ ಎಂದುಕೊಳ್ಳುತ್ತಿದ್ದೆ."

ಕನ್ಸಲ್ಟೆನ್ಸಿಯವರಿಗೆ ಗೊತ್ತಿತ್ತು. ಹೇಳಿದರೆ ಆಳು ಮೊದಲೇ ಬೇರೆ ಕಡೆ ಹೋದಾನು, ಕೊನೆಯ ದಿನದವರೆಗೂ ದುಡಿಸಿಕೊಂಡು ಆಮೇಲೆ ನೋಡೋಣ ಎಂದು ಸುಮ್ಮನಿದ್ದರು. ವಿಲಿಯಮನ ಧಣಿ ಇವರಿಗಿಂತ ಎಷ್ಟೋ ಮೇಲು. ಅವನು ಲಾಯದ ತನಕವಾದರೂ ಬಂದಿದ್ದ.

ಪಾರ್ಕಿಂಗಿನಲ್ಲಿ ಕೂತು ಅತ್ತೆ. ಅತ್ತು ಮುಗಿದ ಮೇಲೆ ಹೊಟ್ಟೆ ಹಸಿಯಿತು. ಮೇಧಾಳ ಶಾಲೆಯ ಬಸ್ಸು ಬರುವ ಹೊತ್ತಾಗಿತ್ತು, ಹೊರಟೆ.

ಸಂಜೆ ಪ್ರಾಣೇಶ ಬೂಟು ಬಿಚ್ಚದೆ ಒಳಗೆ ಬಂದರು. ಅವರನ್ನು ಕ್ಯಾರಲ್ ಕರೆದು ಎಲ್ಲ ಹೇಳಿದ್ದರು.

"ನಾಳೆ ಅಲ್ಲಿ ಮಾರಿ ಹೆಂಗ ತೋರಿಸಲಿ? ಹೆಂಡತಿ ಬಂದು ಬೇಡಿದ್ಲು ಅನ್ನಿಸ್ಕೊಂಡೆ."

"ಬೇಡಲಿಲ್ಲ. ಕೇಳಿದೆ."

"ನನಗ ಒಂದು ಮಾತು ಹೇಳಿ ಹೋಗಬೇಕಾಗಿತ್ತಿಲ್ಲೋ?"

"ಹೇಳಿದ್ರ ಬಿಡ್ತಿದ್ರೇನು?"

ಅವರು ಬಾಗಿಲ ಬಳಿ ಹೋಗಿ ಬೂಟು ಬಿಚ್ಚಿದರು. ಅಲ್ಲಿಂದ ಮುಂದೆ ನಮ್ಮ ನಡುವೆ ಉಪ್ಪು, ಹಾಲು, ಮೇಧಾಳ ಬೂಟು, ಇಷ್ಟೇ ಮಾತು.

"ಈಸ್ ಅಪ್ಪಾ ಮ್ಯಾಡ್ ಅಟ್ ಯೂ?" ಎಂದು ಮೇಧಾ ನನ್ನ ಕಿವಿಯಲ್ಲಿ ಕೇಳಿದಳು. ಹೌದು, ಸಿಟ್ಟು ಬಂದಿದೆ ಎಂದೆ. ಮಕ್ಕಳಿಗೆ ಸುಳ್ಳು ಹೇಳುವಷ್ಟು ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ.

ಆದರೆ ಮರುದಿನದಿಂದಲೇ ಅವರು ಕೆಲಸ ಹುಡುಕತೊಡಗಿದರು. ಫೋನಿನ ಇಂಟರ್‌ವ್ಯೂ ಇದ್ದಾಗ ಬಟ್ಟೆ ಇಡುವ ಕ್ಲಾಸೆಟ್ಟಿನೊಳಗೆ ಹೊಕ್ಕು, ನನ್ನ ಸೀರೆಗಳ ನಡುವೆ ಕೂತು ಮಾತಾಡುತ್ತಿದ್ದರು. ಹೊರಗೆ ನಾನು ಮೇಧಾಳ ಬಾಯಿ ಮುಚ್ಚಿ ಹಿಡಿದು, ಒಳಗಿನ ದನಿ ಏರಿತೋ ಇಳಿಯಿತೋ ಎಂದು ಕೇಳುತ್ತಿದ್ದೆ. ಎರಡು ಕಡೆ ಆಗಲಿಲ್ಲ. ಮೂರನೆಯದು ಮ್ಯಾನ್‌ಹಟನ್ನಿನಲ್ಲಿ, ಅಲ್ಲೂ ಒಂದು ವರ್ಷದ ಕೆಲಸ. ಬಾ ಎಂದರು. ವೀಸಾದ ಅರ್ಜಿ ಹೋಯಿತು. ಆಮೇಲೆ ಕಾಯುವ ಕೆಲಸ. ಮಾರ್ಚಿನ ಹಿಮ ಕರಗಿ ಚರಂಡಿಯಲ್ಲಿ ಹರಿಯುವಾಗಲೂ ಉತ್ತರವಿಲ್ಲ. ಅತ್ತ ಡಾಕ್ಟರು ಮಗು ಕೆಳಗೆ ಇಳಿದಿದೆ ಎಂದರು. ಕೊನೆಗೆ, ಹಳೆಯ ಕೆಲಸ ಮುಗಿಯುವ ವಾರದಲ್ಲೇ ಒಪ್ಪಿಗೆ ಬಂತು. ನಾನು ತಡವಾಗಿ ಕೇಳಿದ್ದರೆ ಬರುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಫೋನ್ ಇಟ್ಟು, "ಆತು," ಎಂದು ಗೋಡೆಗೆ ಹೇಳಿದರು.

ಬಾಡಿಗೆ ಟ್ರಕ್ಕಿಗೆ ಸಾಮಾನು ಹೇರುವ ದಿನ ಜೀನ್ ಅಜ್ಜಿ ತಮ್ಮ ಬಾಗಿಲಲ್ಲಿ ನನಗೊಂದು ಕುರ್ಚಿ ಹಾಕಿ ಕೂರಿಸಿದರು. ಪ್ರಾಣೇಶ ಪೆಟ್ಟಿಗೆಗಳನ್ನು ಹೊತ್ತು ನಮ್ಮ ಮುಂದೆಯೇ ಓಡಾಡುತ್ತಿದ್ದರು. ಅವರಿಗೂ ಕೇಳಲಿ ಎಂಬಂತೆ ಅಜ್ಜಿ ಉಳಿದ ಕತೆ ಹೇಳಿದರು.

ಮೇ ತಿಂಗಳು ಬಂತು. ವಿಲಿಯಂ ಸಂತೆಯಲ್ಲಿ ನಿಂತು ದೂರದ ಒಂದು ಹೊಲದಲ್ಲಿ ಕೆಲಸ ಹಿಡಿದಿದ್ದ. ಹದಿಮೂರರ ಜೆಸ್ಸಿಯನ್ನೂ ಕರಾರಿನಲ್ಲಿ ಸೇರಿಸಿದ್ದ. ಮಂಚ, ಗಡಿಯಾರ, ಬುಟ್ಟಿಯಲ್ಲಿ ಕೋಳಿ, ಎಲ್ಲದರ ಮೇಲೆ ಹೆಂಡತಿ. ಗಾಡಿ ಇಡೀ ದಿನ ಹೋಯಿತು. ಇಬ್ಬರ ನಡುವೆ ಒಂದು ಮಾತಿಲ್ಲ. ಹೊಸ ಮನೆಯ ಮುಂದೆ ಗಾಡಿ ನಿಂತಾಗ ವಿಲಿಯಂ ಎಲ್ಲಕ್ಕಿಂತ ಮೊದಲು ಒಂದು ಕುರ್ಚಿ ಇಳಿಸಿದ, ಹೆಂಡತಿಯನ್ನು ಎತ್ತಿ ಅದರ ಮೇಲೆ ಕೂರಿಸಿದ. ಆಮೇಲೆ ಮಂಚಕ್ಕೆ ಕೈ ಹಾಕಿದ.

"ಏನಂದ?" ಎಂದು ಕೇಳಿದೆ.

"ಏನೂ ಅನಲಿಲ್ಲ. ಸಾಯೂ ತನಕಾ ಅನಲಿಲ್ಲ. ನಮ್ಮ ಮಂದಿಗೆ ಅಷ್ಟ ಬರ್ತಿತ್ತು."

"ನನಗ ಅಷ್ಟು ಸಾಲಂಗಿಲ್ಲ," ಎಂದೆ, ಪೆಟ್ಟಿಗೆ ಹೊತ್ತು ನಿಂತಿದ್ದ ಪ್ರಾಣೇಶರನ್ನೇ ನೋಡುತ್ತಾ. ಅವರು ಪೆಟ್ಟಿಗೆ ತೆಗೆದುಕೊಂಡು ಟ್ರಕ್ಕಿನ ಕಡೆ ಹೋದರು.

ಮ್ಯಾನ್‌ಹಟನ್ನಿಗೆ ರೈಲಿರುವ ಹಿಕ್ಸ್‌ವಿಲ್‌ಗೆ ಬಂದ ಮೇಲೆ ಮಗ ಹುಟ್ಟಿದ. ಹೆರಿಗೆಯ ನೋವಿನಲ್ಲಿ ಪ್ರಾಣೇಶ ನನ್ನ ಕೈ ಬಿಡಲಿಲ್ಲ. ಮಗುವಿನ ಹೆಸರಿಗೆ, ಹಾಲಿಗೆ, ನಿದ್ದೆಗೆಟ್ಟ ಜಗಳಕ್ಕೆ ಮಾತು ತಾನಾಗಿ ಮರಳಿತು. ನಾನು ಕ್ಯಾರಲ್ ಬಳಿ ಹೋದ ಆ ಒಂದು ದಿನದ ಮಾತು ಮಾತ್ರ ಬರಲಿಲ್ಲ. ನಾನೂ ತೆಗೆಯಲಿಲ್ಲ. ಒಳಗೆ ಒಂದು ಮುಳ್ಳು ಹಾಗೇ ಉಳಿದಿತ್ತು. ತಪ್ಪು ಮಾಡಿದವಳಂತೆ ನಾನು ಅವರ ಮುಖ ನೋಡುವುದು, ಮಾಡಿಲ್ಲವಲ್ಲ ಎಂದು ಒಳಗೇ ಉರಿಯುವುದು.

ಮರುವರ್ಷ ಚಳಿಗಾಲ ಬಂತು. ಹೊಸ ಕಾಂಟ್ರ್ಯಾಕ್ಟೂ ಕೊನೆಗೆ ಬರುತ್ತಿತ್ತು. ನಾನು ಈ ಸಲ ಬಾಯಿ ಬಿಡಲಿಲ್ಲ. ಒಂದು ಸಂಜೆ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಸ್ಟೇಷನ್ನಿಗೆ ಅವರನ್ನು ಕರೆತರಲು ಹೋಗಿದ್ದೆ. ರೈಲು ಬಂತು, ಜನ ಇಳಿದರು, ಅವರು ಬಂದು ಪಕ್ಕದಲ್ಲಿ ಕೂತರು. ಬೆಲ್ಟ್ ಹಾಕಿಕೊಳ್ಳಲಿಲ್ಲ.

"ಇವತ್ತ ಹೋಗಿ ಕೇಳಿದೆ," ಎಂದರು.

ನಾನು ಗೇರಿನಿಂದ ಕೈ ತೆಗೆದೆ. "ಏನಂದ್ರು?"

"ಇಲ್ಲಂತ. ಏಪ್ರಿಲ್‌ಗೆ ಮುಗೀತದಂತ." ಆಮೇಲೆ ನನ್ನ ಕಡೆ ತಿರುಗಿದರು. "ಆ ಬಾಗಿಲ ತನಕಾ ಹೋಗೂದ್ರಾಗ ಎರಡು ಸಲ ಹೊಳ್ಳಿ ಬಂದೆ. ನೀ ಹೊಟ್ಟಿ ಹೊತ್ಕೊಂಡು ಹೋಗಿದ್ದಿ. ಛಲೋ ಮಾಡಿದ್ದಿ. ಅವತ್ತ ಹೇಳಬೇಕಾಗಿತ್ತು, ಬಾಯಿ ಬರಲಿಲ್ಲ."

ಹಿಂದಿನ ಕಾರಿನವರು ಹಾರ್ನ್ ಹೊಡೆಯತೊಡಗಿದರು. ಗಂಡನ ಕೆಲಸ ಹೋಗುವ ಸುದ್ದಿ ಕೇಳಿ ಅಷ್ಟು ಹಗುರಾದ ಹೆಂಗಸು ಆ ಊರಿನಲ್ಲಿ ನಾನೊಬ್ಬಳೇ ಇದ್ದೆನೇನೋ. ಕಣ್ಣು ಒರೆಸಿಕೊಂಡು ಗಾಡಿ ತೆಗೆದೆ.